ಪಾಲುದಾರಿಕೆ ವಿಸರ್ಜನೆಯ ದಾವೆ: ವಾದಪತ್ರದಲ್ಲಿನ ದೋಷ ಹಿಡಿಯುವುದು, ಪ್ರಶ್ನಿಸುವುದು ಹೇಗೆ

"ಸಾ, ಫರ್ಮು ರಿಜಿಸ್ಟ್ರೇ ಆಗಿಲ್ಲ. ಈ ಕೇಸು ಹೆಂಗ್ ನಿಂತದೆ? ವಜಾ ಮಾಡಿಸ್ಬುಡಿ."

ಮಂಡ್ಯದ ನನ್ನ ಆಫೀಸಿಗೆ ಸಮನ್ಸ್ ಹಿಡಿದು ಬರುವ ಪಾಲುದಾರರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಯಾರೋ ಹೇಳಿರುತ್ತಾರೆ, ಇವರು ನಂಬಿರುತ್ತಾರೆ. ಆದರೆ ವಿಸರ್ಜನೆಯ ದಾವೆಯಲ್ಲಿ ಈ ತಕರಾರು ನಿಲ್ಲುವುದಿಲ್ಲ. ನಿಲ್ಲುವಂಥ ದೋಷಗಳು ಅದೇ ವಾದಪತ್ರದ, ಅಂದರೆ ದಾವೆ ಹಾಕಿದವರು ಕೋರ್ಟಿಗೆ ಕೊಟ್ಟ ದಾವೆಯ ಕಾಗದದ, ಬೇರೆ ಪ್ಯಾರಾಗಳಲ್ಲಿ ಇರುತ್ತವೆ, ಅವುಗಳ ಕಡೆ ಯಾರೂ ಕಣ್ಣು ಹಾಕಿರುವುದಿಲ್ಲ. ಪ್ರತಿವಾದಿಯ ಸ್ಥಾನದಲ್ಲಿ ಕೂತವರು ತಮ್ಮ ವಕೀಲರ ಜೊತೆ ಸರಿಯಾಗಿ ಮಾತಾಡಲು ಬೇಕಾದಷ್ಟು ತಿಳಿವಳಿಕೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ವಕೀಲರನ್ನು ಬಿಟ್ಟು ನಡೆಯಲು ಅಲ್ಲ.

ನಮ್ಮ ಕಡೆ ಪಾಲುದಾರಿಕೆ ಎಂದರೆ ಬಹುಪಾಲು ನೆಂಟರ ನಡುವಿನ ವ್ಯವಹಾರ. ಅಕ್ಕಿ ಗಿರಣಿ, ಆಲೆಮನೆ, ಬೆಲ್ಲದ ಮಂಡಿ, ಗೊಬ್ಬರದ ಅಂಗಡಿ. ಮೈಸೂರಿನ ಕಡೆಗಾದರೆ ಲಾಡ್ಜು, ಕಲ್ಯಾಣ ಮಂಟಪ, ಅಗರಬತ್ತಿ ಘಟಕ. ನೆಂಟಸ್ತನದ ಸಿಟ್ಟು ವಾದಪತ್ರಕ್ಕೂ ಇಳಿಯುತ್ತದೆ. ಆ ಸಿಟ್ಟಿನಲ್ಲಿ ಬರೆಸಿದ ವಾದಪತ್ರದಲ್ಲಿ ಬೈಗುಳ ಜಾಸ್ತಿ, ತಾರೀಖು ಕಡಿಮೆ.

ಮುಂದಿನ ಮಾತಿಗೆ ಒಂದು ಕಟ್ಟಿದ ಉದಾಹರಣೆ ಇಟ್ಟುಕೊಳ್ಳೋಣ. ಮದ್ದೂರಿನ ಹತ್ತಿರ ಒಂದು ಅಕ್ಕಿ ಗಿರಣಿ. 2009ರಲ್ಲಿ ನಾಲ್ವರು ಪಾಲುದಾರಿಕೆ ಪತ್ರ ಮಾಡಿಕೊಂಡರು: ಅಣ್ಣ, ತಮ್ಮ, ಅವರ ಭಾವ, ಊರಿನ ಒಬ್ಬ ಭತ್ತದ ವ್ಯಾಪಾರಿ. 2018ರ ಜೂನ್ 10ರಂದು ಭಾವ ತೀರಿಕೊಂಡರು. ಗಿರಣಿ ಓಡುತ್ತಲೇ ಇತ್ತು, ಲೆಕ್ಕ ಅಣ್ಣನ ಕೈಯಲ್ಲಿತ್ತು. 2024ರಲ್ಲಿ ತಮ್ಮ ದಾವೆ ಹಾಕಿದ: ಫರ್ಮನ್ನು ವಿಸರ್ಜಿಸಿ, ಲೆಕ್ಕ ಕೊಡಿಸಿ, ನನ್ನ ಪಾಲು ಕೊಡಿಸಿ. ನೀವು ಅಣ್ಣ.

ಮೊದಲ ಹೆಜ್ಜೆ: ದಿನ ಎಣಿಸಿ, ಪೂರ್ತಿ ಕಾಗದ ಪಡೆಯಿರಿ

ಸಮನ್ಸ್ ಕೈಗೆ ಬಂದ ದಿನವನ್ನು ಅದರ ಮೇಲೇ ಬರೆದಿಡಿ. ಸಿವಿಲ್ ಪ್ರಕ್ರಿಯಾ ಸಂಹಿತೆ 1908, ಅಂದರೆ ಸಿಪಿಸಿ, ಆದೇಶ 8 ನಿಯಮ 1ರ ಪ್ರಕಾರ ಲಿಖಿತ ಹೇಳಿಕೆಗೆ, ನಮ್ಮ ಹಳಬರು ಕೈಫಿಯತ್ತು ಎನ್ನುವುದಕ್ಕೆ, 30 ದಿನ. (ಮುಂದೆ "ಆದೇಶ ಇಷ್ಟು, ನಿಯಮ ಇಷ್ಟು" ಎಂದಲ್ಲೆಲ್ಲ ಈ ಸಂಹಿತೆಯದೇ ಎಂದು ತಿಳಿಯಿರಿ.) ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ವಿಸ್ತರಿಸಬಹುದು. ಸಾಮಾನ್ಯ ದಾವೆಯಲ್ಲಿ 90 ದಾಟಿದರೂ ಅಸಾಧಾರಣ ಕಾರಣವಿದ್ದರೆ ಕೋರ್ಟು ಒಪ್ಪಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ವಾಣಿಜ್ಯ ದಾವೆಯಾದರೆ (ಅದು ಯಾವುದು ಎಂದು ಮುಂದೆ ಹೇಳುತ್ತೇನೆ) ಆ ಔದಾರ್ಯ ಇಲ್ಲ: 120 ದಿನ ಮುಗಿದರೆ ಕೈಫಿಯತ್ತು ಹಾಕುವ ಹಕ್ಕೇ ಹೋಗುತ್ತದೆ.

ಸಮನ್ಸ್ ಜೊತೆ ವಾದಪತ್ರದ ಪ್ರತಿ ಮಾತ್ರ ಬಂದು ದಾಖಲೆಗಳು ಬಾರದೆ ಇರುವುದು ಉಂಟು. ವಕಾಲತ್ತು ಹಾಕಿದ ದಿನವೇ ಕಡತ ನೋಡಿ, ಪಾಲುದಾರಿಕೆ ಪತ್ರ ಲಗತ್ತಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಇದು ಏಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಎರಡನೆಯದು: ಪತ್ರದಲ್ಲಿ ಪಂಚಾಯ್ತಿದಾರರ ಷರತ್ತು ಇದೆಯೇ?

ಬಹುತೇಕ ಪಾಲುದಾರಿಕೆ ಪತ್ರಗಳ ಕೊನೆಯ ಪುಟದಲ್ಲಿ "ತಕರಾರು ಬಂದಲ್ಲಿ ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು" ಎಂಬ ಒಂದು ಸಾಲು ಇರುತ್ತದೆ, ಅಂದರೆ ಕೋರ್ಟಿನ ಬದಲು ಪಂಚಾಯ್ತಿದಾರರೇ ತೀರ್ಮಾನಿಸಲಿ ಎಂದು. ಇದ್ದರೆ, ಬೇರೆ ಯಾವ ದೋಷ ಎತ್ತುವ ಮೊದಲು ಇದನ್ನು ಎತ್ತಬೇಕು. ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆ 1996ರ 8ನೇ ಕಲಮಿನ ಅರ್ಜಿಯನ್ನು ವಿವಾದದ ತಿರುಳಿನ ಬಗ್ಗೆ ನಿಮ್ಮ ಮೊದಲ ಹೇಳಿಕೆ ಸಲ್ಲಿಸುವ ದಿನಕ್ಕಿಂತ ತಡವಾಗದಂತೆ ಹಾಕಬೇಕು. ಅರ್ಜಿ ಇಲ್ಲದೆ ಕೈಫಿಯತ್ತು ಹಾಕಿ ಕೂತರೆ ಆ ದಾರಿ ಮುಚ್ಚಿತು. ಪತ್ರದ ಮೂಲ ಅಥವಾ ದೃಢೀಕೃತ ಪ್ರತಿ ಅರ್ಜಿಯ ಜೊತೆ ಇರಲೇಬೇಕು.

"ಅವನು ಮೋಸ ಎಂದು ಬರೆದಿದ್ದಾನೆ, ಮೋಸದ ಕೇಸು ಪಂಚಾಯ್ತಿಗೆ ಹೋಗಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಾಲುದಾರರ ನಡುವಿನ ಬರಿಯ ಲೆಕ್ಕದ ಮೋಸದ ಆರೋಪ ಮಧ್ಯಸ್ಥಿಕೆಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ, ಪಾಲುದಾರಿಕೆಯ ಹೋಟೆಲೊಂದರ ಪ್ರಕರಣದಲ್ಲೇ, ಹೇಳಿದೆ.

ಮಧ್ಯಸ್ಥಿಕೆ ಬೇಕೋ ಬೇಡವೋ ಎಂಬುದು ನಿಮ್ಮ ಆಯ್ಕೆ. ಕೋರ್ಟಿನಲ್ಲೇ ನಡೆಯಲಿ ಎನಿಸಿದರೆ ಸುಮ್ಮನಿರಿ. ಆದರೆ ಆ ನಿರ್ಧಾರ ತಿಳಿದು ಮಾಡಿದ್ದಾಗಿರಲಿ.

ಮೂರನೆಯದು: ಒಂದು ಹಾಳೆಯಲ್ಲಿ ತಾರೀಖುಗಳು

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಒಂದು ಹಾಳೆ ತೆಗೆದುಕೊಂಡು ಎಡಗಡೆ ವಾದಪತ್ರ ಹೇಳುವ ತಾರೀಖುಗಳನ್ನೂ ಬಲಗಡೆ ನಿಮಗೆ ಗೊತ್ತಿರುವ ತಾರೀಖುಗಳನ್ನೂ ಬರೆಯಿರಿ. ಪಾಲುದಾರಿಕೆ ಶುರುವಾದದ್ದು, ಅವಧಿ ಏನಾದರೂ ಇದ್ದರೆ ಅದು, ಯಾರಾದರೂ ತೀರಿಕೊಂಡದ್ದು, ಯಾರಾದರೂ ನಿವೃತ್ತರಾದದ್ದು, ನೋಟಿಸು ಕೊಟ್ಟದ್ದು, ಕೊನೆಯ ಬಾರಿ ಎಲ್ಲರೂ ಕೂತು ಲೆಕ್ಕಕ್ಕೆ ರುಜು ಹಾಕಿದ್ದು, ದಾವೆ ಹಾಕಿದ್ದು.

ಈಗ ಒಂದೇ ಪ್ರಶ್ನೆ: ವಾದಿಯ ಪ್ರಕಾರ ಫರ್ಮು ಇನ್ನೂ ಜೀವಂತವಾಗಿದೆಯೇ, ಇಲ್ಲ ಆಗಲೇ ಮುಗಿದಿದೆಯೇ?

ಭಾರತೀಯ ಪಾಲುದಾರಿಕೆ ಕಾಯಿದೆ 1932 ಎರಡು ಬಗೆಯ ದಾವೆಯನ್ನು ನೋಡುತ್ತದೆ. ಜೀವಂತ ಫರ್ಮನ್ನು ಕೋರ್ಟು ವಿಸರ್ಜಿಸಬೇಕಾದರೆ 44ನೇ ಕಲಮಿನ ಕಾರಣಗಳಲ್ಲಿ ಒಂದು ಬೇಕು: ಪಾಲುದಾರನ ಬುದ್ಧಿಭ್ರಮಣೆ, ಶಾಶ್ವತ ಅಶಕ್ತತೆ, ವ್ಯವಹಾರಕ್ಕೆ ಕೆಡುಕಾಗುವ ನಡತೆ, ಬೇಕೆಂದೇ ಅಥವಾ ಪದೇ ಪದೇ ಕರಾರು ಮುರಿಯುವುದು, ತನ್ನ ಪೂರ್ತಿ ಪಾಲನ್ನು ಹೊರಗಿನವರಿಗೆ ವರ್ಗಾಯಿಸುವುದು, ನಷ್ಟವಿಲ್ಲದೆ ನಡೆಸಲಾಗದ ಸ್ಥಿತಿ, ಇಲ್ಲವೇ ವಿಸರ್ಜನೆಯೇ ನ್ಯಾಯ ಎನ್ನುವಂಥ ಬೇರೆ ಕಾರಣ. ಆಗಲೇ ಮುಗಿದ ಫರ್ಮಾದರೆ, ಅದು ಒಪ್ಪಂದದಿಂದಲೋ, ಅವಧಿ ಮುಗಿದೋ, ಸಾವಿನಿಂದಲೋ, 43ನೇ ಕಲಮಿನ ನೋಟಿಸಿನಿಂದಲೋ ಮುಗಿದದ್ದು. ಕೋರ್ಟು ಲೆಕ್ಕ ಮಾತ್ರ ತೆಗೆಸಬೇಕು. ಈ ಎರಡನೆಯದಕ್ಕೆ ಕಾಲಮಿತಿ ಕಾಯಿದೆ 1963ರ 5ನೇ ಅನುಚ್ಛೇದ ಅನ್ವಯ: ವಿಸರ್ಜನೆಯಾದ ದಿನದಿಂದ 3 ವರ್ಷ.

ನಮ್ಮ ಗಿರಣಿಗೆ ಬನ್ನಿ. ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಒಬ್ಬ ಪಾಲುದಾರನ ಸಾವಿನಿಂದ ಫರ್ಮು ಮುಗಿಯುತ್ತದೆ, 42ನೇ ಕಲಮು. ಅಂದರೆ 2018ರ ಜೂನ್ 10ಕ್ಕೆ ಫರ್ಮು ಮುಗಿಯಿತು, ಲೆಕ್ಕದ ದಾವೆಗೆ 2021ರ ಜೂನ್‌ವರೆಗೆ ಅವಕಾಶ. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಡಿಸಿತು. ಅದನ್ನೂ ಉದಾರವಾಗಿ ಸೇರಿಸಿದರೆ 2023ರ ಮೇ ಕೊನೆ. ದಾವೆ ಬಂದದ್ದು 2024ರಲ್ಲಿ.

ಇಷ್ಟು ಕಂಡ ಕೂಡಲೇ ಗೆದ್ದೆವು ಎಂದುಕೊಳ್ಳಬೇಡಿ. ಉಳಿದ ಮೂವರು ಗಿರಣಿ ಮುಂದುವರಿಸಿದ್ದರಲ್ಲವೇ? ಸಾವಿನ ನಂತರವೂ ಫರ್ಮು ನಡೆಯಲಿ ಎಂಬ ಒಪ್ಪಂದ ನಡವಳಿಕೆಯಿಂದಲೇ ಹೊರಡುತ್ತದೆ ಎಂದು ವಾದಿ ಹೇಳಬಹುದು. ಅಥವಾ ಉಳಿದವರ ನಡುವೆ ಹೊಸ ಪಾಲುದಾರಿಕೆ ಹುಟ್ಟಿತು ಎನ್ನಬಹುದು. ಆಗ ಕಾಲಮಿತಿ ಸಾಕ್ಷ್ಯ ಕೇಳುವ ಪ್ರಶ್ನೆಯಾಗುತ್ತದೆ, ಆರಂಭದಲ್ಲೇ ದಾವೆ ಬೀಳುವುದಿಲ್ಲ. ನಿಮ್ಮ ವಾದ ಗಟ್ಟಿಯಾಗುವುದು ವಾದಪತ್ರವೇ "ಭಾವನ ಮರಣದಿಂದ ಫರ್ಮು ವಿಸರ್ಜನೆಯಾಗಿರುತ್ತದೆ" ಎಂದು ಒಂದು ಪ್ಯಾರಾದಲ್ಲಿ ಒಪ್ಪಿ, ಕೊನೆಯಲ್ಲಿ ತಾರೀಖಿಲ್ಲದೆ ಲೆಕ್ಕ ಕೇಳಿದಾಗ. ಇಂಥ ವಾದಪತ್ರಗಳನ್ನು ನಾನು ಹಲವು ಕಂಡಿದ್ದೇನೆ. "ವ್ಯಾಜ್ಯಕಾರಣವು ಪ್ರತಿವಾದಿಯು ಲೆಕ್ಕ ಕೊಡಲು ನಿರಾಕರಿಸಿದಾಗ ಉದ್ಭವಿಸಿತು" ಎಂಬ ಸಾಲು ಬಂದರೆ (ವ್ಯಾಜ್ಯಕಾರಣ ಎಂದರೆ ದಾವೆ ಹೂಡುವ ಹಕ್ಕು ಹುಟ್ಟಿಸಿದ ಸಂಗತಿ) ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ: ನಿರಾಕರಿಸಿದ್ದು ಯಾವತ್ತು, ಎಲ್ಲಿ, ಯಾರ ಮುಂದೆ? 1977ರಲ್ಲಿ ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಜಾಣ ಬರವಣಿಗೆಯಿಂದ ಇಲ್ಲದ ವ್ಯಾಜ್ಯಕಾರಣ ಇದ್ದಂತೆ ಕಾಣಿಸಿದರೆ ಅದನ್ನು ಮೊದಲ ವಿಚಾರಣೆಯಲ್ಲೇ ಚಿವುಟಬೇಕು ಎಂದು ವಿಚಾರಣಾ ನ್ಯಾಯಾಲಯಗಳಿಗೆ ಸ್ಪಷ್ಟವಾಗಿ ತಿಳಿಸಿದರು. ಇಂದಿಗೂ ಪ್ರತಿವಾದಿ ಪರ ವಕೀಲರು ಆ ತೀರ್ಪನ್ನು ಮುಂದಿಡುತ್ತಾರೆ.

ನಾಲ್ಕನೆಯದು: ದೋಷಗಳನ್ನು ಬೇರೆ ಬೇರೆ ರಾಶಿ ಮಾಡಿ

ಎಲ್ಲ ದೋಷಕ್ಕೂ ಒಂದೇ ಅರ್ಜಿ ಹಾಕುವುದು ನಮ್ಮ ಕಡೆಯ ದೊಡ್ಡ ತಪ್ಪು. ವಾದಪತ್ರ ತಿರಸ್ಕರಿಸಿ ಎಂದು ಕೇಳುವ ಆದೇಶ 7 ನಿಯಮ 11ರ ಅರ್ಜಿಯಲ್ಲಿ ಹತ್ತು ತಕರಾರು ತುಂಬಿ, ಬಲವಾದ ಒಂದು ತಕರಾರು ಒಂಬತ್ತು ದುರ್ಬಲ ತಕರಾರುಗಳ ನಡುವೆ ಹೂತುಹೋಗುತ್ತದೆ.

ವಾದಪತ್ರವನ್ನೇ ತಿರಸ್ಕರಿಸುವ ಕಾರಣಗಳು ಆ ನಿಯಮದಲ್ಲಿ ಎಣಿಸಿಟ್ಟಷ್ಟೇ. ವ್ಯಾಜ್ಯಕಾರಣ ತೋರಿಸದಿರುವುದು; ಮೌಲ್ಯ ಕಡಿಮೆ ತೋರಿಸಿ, ಕೋರ್ಟು ಗಡುವು ಕೊಟ್ಟರೂ ಸರಿಪಡಿಸದಿರುವುದು; ಕೋರ್ಟ್ ಶುಲ್ಕ ಸಾಲದೆ, ಗಡುವಿನಲ್ಲಿ ತುಂಬದಿರುವುದು; ವಾದಪತ್ರದ ಮಾತಿನಿಂದಲೇ ದಾವೆ ಕಾನೂನಿನ ಅಡ್ಡಿಗೆ ಸಿಕ್ಕುವುದು; ಪ್ರತಿಗಳ ಕೊರತೆಯಂಥ ಸಣ್ಣ ಎರಡು. ಇಲ್ಲಿ ಕೋರ್ಟು ನೋಡುವುದು ವಾದಪತ್ರ ಮತ್ತು ಅದರ ಜೊತೆಗಿನ ದಾಖಲೆಗಳನ್ನು ಮಾತ್ರ. ನಿಮ್ಮ ರಸೀದಿ, ನಿಮ್ಮ ಕೀರ್ದಿ ಪುಸ್ತಕ, ನಿಮ್ಮ ಕೈಫಿಯತ್ತು ಯಾವುದೂ ಲೆಕ್ಕಕ್ಕಿಲ್ಲ. ಪತ್ರ ಲಗತ್ತಾಗಿದೆಯೇ ನೋಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ: ವಾದಿಯೇ ಪತ್ರ ಹಾಕಿದ್ದರೆ ಅದರಲ್ಲಿನ ಷರತ್ತನ್ನು ನೀವು ಓದಿ ತೋರಿಸಬಹುದು.

ಇನ್ನೊಂದು ಮಾತು. ವಾದಪತ್ರವನ್ನು ಅರ್ಧ ತಿರಸ್ಕರಿಸಿ ಅರ್ಧ ಉಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಚಿತಪಡಿಸಿದೆ. ಐದು ಬೇಡಿಕೆಗಳಲ್ಲಿ ನಾಲ್ಕು ಬಿದ್ದರೂ ಒಂದು ನಿಲ್ಲುವಂತಿದ್ದರೆ ಈ ಅರ್ಜಿಯಿಂದ ಫಲವಿಲ್ಲ.

ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಗೆ ಬರುವ ದಾವೆಯೇ ಎಂದೂ ನೋಡಿ. ಪಾಲುದಾರಿಕೆ ಕರಾರಿನ ವಿವಾದ ವಾಣಿಜ್ಯ ವಿವಾದ ಎಂದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಎಣಿಸುತ್ತದೆ. 2018ರ ತಿದ್ದುಪಡಿಯ ನಂತರ ಮೌಲ್ಯ 3 ಲಕ್ಷ ರೂಪಾಯಿ ಇದ್ದರೂ ಸಾಕು. ಹಾಗಿದ್ದಲ್ಲಿ, ತುರ್ತು ಮಧ್ಯಂತರ ಪರಿಹಾರ ಕೇಳದ ವಾದಿ ದಾವೆಗೆ ಮೊದಲು 12ಎ ಕಲಮಿನ ಸಂಧಾನಕ್ಕೆ ಹೋಗಿರಬೇಕು. ಹೋಗದಿದ್ದರೆ ವಾದಪತ್ರ ತಿರಸ್ಕಾರಕ್ಕೆ ಅರ್ಹ ಎಂದು 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತಿಂಗಳ 20ರಿಂದ ಹಾಕಿದ ದಾವೆಗಳಿಗೆ ಅದು ಅನ್ವಯ. ಬರಿಯ ವ್ಯಾಪ್ತಿಯ ತಪ್ಪಾದರೆ ವಾದಪತ್ರ ತಿರಸ್ಕಾರವಾಗುವುದಿಲ್ಲ, ಸರಿಯಾದ ಕೋರ್ಟಿಗೆ ಹಾಕಲು ಹಿಂದಿರುಗುತ್ತದೆ, ಆದೇಶ 7 ನಿಯಮ 10.

ಈಗ ನೋಂದಣಿಯ ಮಾತು. ನೋಂದಣಿಯಾಗದ ಫರ್ಮಿನ ಪಾಲುದಾರ ಕರಾರಿನ ಹಕ್ಕಿಗಾಗಿ ದಾವೆ ಹೂಡುವಂತಿಲ್ಲ ಎನ್ನುತ್ತದೆ ಪಾಲುದಾರಿಕೆ ಕಾಯಿದೆಯ 69ನೇ ಕಲಮು. ಆದರೆ ಅದೇ ಕಲಮಿನ 3ನೇ ಉಪಕಲಮು ವಿಸರ್ಜನೆಯ ದಾವೆ, ವಿಸರ್ಜನೆಯಾದ ಫರ್ಮಿನ ಲೆಕ್ಕದ ದಾವೆ, ಅದರ ಆಸ್ತಿ ವಸೂಲಿಯ ಹಕ್ಕು ಮೂರನ್ನೂ ಹೊರಗಿಡುತ್ತದೆ. ಕೂಡಿ ಬದುಕುವುದು ಬೇಡ ಎಂದವನನ್ನು ಕಾನೂನು ಕಟ್ಟಿಹಾಕುವುದಿಲ್ಲ, ಅದು ಸರಿಯೂ ಹೌದು. ವಾದಿ ವಿಸರ್ಜನೆಯ ನೆಪದಲ್ಲಿ "ಪತ್ರದ 7ನೇ ಷರತ್ತಿನಂತೆ ನನಗೆ ತಿಂಗಳ ಸಂಭಾವನೆ ಕೊಡಿಸಿ" ಎಂದು ನಡೆಯುತ್ತಿರುವ ಫರ್ಮಿನ ಕರಾರಿನ ಹಕ್ಕನ್ನು ಕೇಳಿದ್ದರೆ ಮಾತ್ರ ಆ ಬೇಡಿಕೆಯ ಮಟ್ಟಿಗೆ 69 ನಿಮ್ಮ ಕೈಗೆ ಬರುತ್ತದೆ. ಅರ್ಧ ತಿರಸ್ಕಾರ ಇಲ್ಲವಾದ್ದರಿಂದ ಅದರ ಜಾಗ ಕೈಫಿಯತ್ತು, ಆಮೇಲೆ ವಿವಾದಾಂಶ, ಅಂದರೆ ತೀರ್ಮಾನಿಸಲೆಂದು ಕೋರ್ಟು ಬರೆದಿಡುವ ಪ್ರಶ್ನೆಗಳು.

ಪಕ್ಷಕಾರರು. ವಿಸರ್ಜನೆಯ ದಾವೆಯಲ್ಲಿ ಎಲ್ಲ ಪಾಲುದಾರರೂ ಇರಲೇಬೇಕು, ತೀರಿಕೊಂಡವರ ವಾರಸುದಾರರೂ ಬೇಕು. ಸತ್ತ ಪಾಲುದಾರನ ಲೆಕ್ಕ ಚುಕ್ತಾ ಆಗದೆ ಅವರ ಹಣದಿಂದಲೇ ವ್ಯವಹಾರ ನಡೆದಿದ್ದರೆ, 37ನೇ ಕಲಮಿನಂತೆ ವಾರಸುದಾರರು ಆಮೇಲಿನ ಲಾಭದಲ್ಲಿ ಪಾಲನ್ನೋ, ತಮ್ಮ ಹಣಕ್ಕೆ ವರ್ಷಕ್ಕೆ ಶೇ. 6ರ ಬಡ್ಡಿಯನ್ನೋ ಕೇಳಬಹುದು. ಅವರನ್ನು ಬಿಟ್ಟು ಯಾವ ಲೆಕ್ಕ ಮುಗಿದೀತು? ನಮ್ಮ ಉದಾಹರಣೆಯಲ್ಲಿ ಅಕ್ಕನನ್ನೂ ಅವಳ ಮಕ್ಕಳನ್ನೂ ತಮ್ಮ ಸೇರಿಸಿಲ್ಲ ಎನ್ನಿ. "ಅಕ್ಕನ್ನ ಕೋರ್ಟಿಗೆ ಎಳೀಬಾರ್ದು ಅಂತ ಬಿಟ್ಟೆ" ಎನ್ನುವುದನ್ನು ನಾವು ಕೇಳುತ್ತೇವೆ, ಆ ಭಾವನೆ ಅರ್ಥವಾಗುತ್ತದೆ, ಆದರೆ ಅವಳ ಹಕ್ಕು ಅವಳಿಲ್ಲದೆ ತೀರ್ಮಾನವಾಗಬಾರದು. ಆದೇಶ 1 ನಿಯಮ 13 ಪ್ರಕಾರ ಈ ತಕರಾರನ್ನು ಆದಷ್ಟು ಬೇಗ, ವಿವಾದಾಂಶ ರಚಿಸುವ ಹಂತದೊಳಗೆ ಎತ್ತಬೇಕು. ಕೊನೆಯ ವಾದಕ್ಕೆ ಇಟ್ಟುಕೊಳ್ಳೋಣ ಎನ್ನುವ ವಕೀಲರನ್ನು ನಾನು ಬಲ್ಲೆ. ಆ ಲೆಕ್ಕಾಚಾರ ನನಗೆ ಸಮ್ಮತವಿಲ್ಲ. ಕಕ್ಷಿಗಾರನ ಆರು ವರ್ಷ ಅದರಲ್ಲಿ ಹೋಗುತ್ತದೆ.

ಕೋರ್ಟ್ ಶುಲ್ಕ. ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯಿದೆ 1958ರ 34ನೇ ಕಲಮಿನಂತೆ ವಾದಿ ತನ್ನ ಪಾಲಿನ ಅಂದಾಜು ಮೌಲ್ಯದ ಮೇಲೆ ಶುಲ್ಕ ಕಟ್ಟುತ್ತಾನೆ, ಲೆಕ್ಕದಲ್ಲಿ ಜಾಸ್ತಿ ಬಂದರೆ ವ್ಯತ್ಯಾಸ ಕಟ್ಟಬೇಕು. ಅಂದಾಜು ಎಂದ ಮೇಲೆ ಮನಸ್ಸಿಗೆ ಬಂದ ಅಂಕಿ ಅಲ್ಲ. 6ನೇ ಪ್ಯಾರಾದಲ್ಲಿ "ನನ್ನ ಪಾಲಿನ 40 ಲಕ್ಷ ರೂಪಾಯಿ ನುಂಗಿದ್ದಾನೆ" ಎಂದು ಬರೆದು, ಮೌಲ್ಯಮಾಪನದ ಪ್ಯಾರಾದಲ್ಲಿ "ಪಾಲು 1,000 ರೂಪಾಯಿ" ಎಂದರೆ ವಾದಪತ್ರ ತನ್ನನ್ನೇ ಸುಳ್ಳು ಮಾಡಿಕೊಂಡಂತೆ. ಕೋರ್ಟು ಗಡುವು ಕೊಡುತ್ತದೆ, ವಾದಿ ತುಂಬುತ್ತಾನೆ, ದಾವೆ ಉಳಿಯುತ್ತದೆ. ಆದರೂ ಎತ್ತಿ. ಶುಲ್ಕ ನಿಜಕ್ಕೆ ಹತ್ತಿರ ಬಂದ ದಿನ ಆರೋಪದ ಅಂಕಿಯೂ ನಿಜಕ್ಕೆ ಹತ್ತಿರ ಬರುವುದನ್ನು ನಾನು ನೋಡಿದ್ದೇನೆ.

ಸಹಿ, ಸತ್ಯಾಪನೆ, ಪ್ರಮಾಣಪತ್ರದ ಕೊರತೆ: ತಿದ್ದಬಹುದಾದವು. ಕೈಫಿಯತ್ತಿನಲ್ಲಿ ಒಂದು ಸಾಲು ಸಾಕು.

ಐದನೆಯದು: ಮೋಸ ಎಂದು ಬರೆದ ಪ್ಯಾರಾ

"ಪ್ರತಿವಾದಿಯು ವಂಚನೆಯಿಂದ ಸುಳ್ಳು ಲೆಕ್ಕ ಬರೆದು ಲಕ್ಷಾಂತರ ರೂಪಾಯಿ ಲಪಟಾಯಿಸಿರುತ್ತಾನೆ." ಈ ಸಾಲು ಇಲ್ಲದ ಪಾಲುದಾರಿಕೆ ವಾದಪತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಆದೇಶ 6 ನಿಯಮ 4 ಹೇಳುವುದು: ವಂಚನೆ, ನಂಬಿಕೆದ್ರೋಹ, ಅನುಚಿತ ಪ್ರಭಾವ ಎಂದರೆ ತಾರೀಖು ಸಹಿತ ವಿವರ ಕೊಡಬೇಕು. ವಿವರ ಎಂದರೆ ಹೀಗೆ: "2021ರ ಸುಗ್ಗಿಯಲ್ಲಿ ಇಂಥ ರೈತರಿಂದ ಬಂದ 300 ಕ್ವಿಂಟಲ್ ಭತ್ತವನ್ನು ಗಿರಣಿಯ ದಾಸ್ತಾನು ಪುಸ್ತಕಕ್ಕೆ ಹಾಕದೆ, ಅದರ ಅಕ್ಕಿ ಮಾರಿದ ಹಣವನ್ನು ಇಂಥ ತಿಂಗಳು ತನ್ನ ಸ್ವಂತ ಖಾತೆಗೆ ಜಮಾ ಮಾಡಿಕೊಂಡಿರುತ್ತಾನೆ." ಎರಡನೆಯದಕ್ಕೆ ಉತ್ತರ ಕೊಡಬಹುದು. ಮೊದಲನೆಯದಕ್ಕೆ ಯಾವ ಮನುಷ್ಯ ಏನು ಉತ್ತರ ಕೊಟ್ಟಾನು?

ಒಂದು ಎಚ್ಚರಿಕೆ. "ಎಷ್ಟು ಹಣ ಬರಬೇಕು ಎಂದು ನಿಖರವಾಗಿ ಹೇಳಿಲ್ಲ" ಎಂಬ ತಕರಾರು ನಡೆಯುವುದಿಲ್ಲ. ಲೆಕ್ಕ ಇತ್ಯರ್ಥವಾಗದ ದಾವೆಯಲ್ಲಿ ಅಂದಾಜು ಸಾಕು ಎಂದು ಆದೇಶ 7 ನಿಯಮ 2 ತಾನೇ ಹೇಳುತ್ತದೆ. ಲೆಕ್ಕ ತೆಗೆಯಿರಿ ಎಂದೇ ದಾವೆ ಬಂದಿರುವಾಗ ಲೆಕ್ಕದ ಮೊತ್ತ ಕೇಳಿದರೆ ನ್ಯಾಯಾಧೀಶರ ಮುಂದೆ ನಿಮ್ಮ ಉಳಿದ ಮಾತಿಗೂ ತೂಕ ಕಡಿಮೆಯಾಗುತ್ತದೆ. ಕೇಳಬೇಕಾದ್ದು ಕೃತ್ಯದ ವಿವರ. ಅದರ ಜೊತೆಗೆ, ಪಾಲುದಾರಿಕೆ ಕಾಯಿದೆಯ 12ನೇ ಕಲಮಿನ ಪ್ರಕಾರ ಪ್ರತಿ ಪಾಲುದಾರನಿಗೂ ಲೆಕ್ಕಪುಸ್ತಕ ನೋಡುವ, ನಕಲು ತೆಗೆಯುವ ಹಕ್ಕಿದೆ; ವಾದಿ ಅದನ್ನು ಎಂದಾದರೂ ಕೇಳಿದನೇ, ನಿರಾಕರಿಸಿದ್ದು ಯಾರು ಎಂಬುದೂ ವಾದಪತ್ರದಲ್ಲಿ ಇರಬೇಕಾದ ಸಂಗತಿ.

ಮೊದಲು ವಿವರ ಕೇಳಲು ಆದೇಶ 6 ನಿಯಮ 5 ಇತ್ತು. 1999ರ ತಿದ್ದುಪಡಿ ಕಾಯಿದೆ ಅದನ್ನು ತೆಗೆಯಿತು, 2002ರ ಜುಲೈ 1ರಿಂದ ಅದು ಇಲ್ಲ. ಹಳೆಯ ನಮೂನೆ ನೋಡಿ ಈಗಲೂ ಆ ನಿಯಮದಡಿ ಅರ್ಜಿ ಬರೆಯುವವರಿದ್ದಾರೆ. ಈಗಿನ ದಾರಿ ಆದೇಶ 11: ಕೋರ್ಟಿನ ಅನುಮತಿ ಪಡೆದು ನಿಯಮ 1ರಡಿ ಲಿಖಿತ ಪ್ರಶ್ನಾವಳಿ, ನಿಯಮ 15ರಡಿ ವಾದಪತ್ರದಲ್ಲಿ ಹೆಸರಿಸಿದ ದಾಖಲೆ ತೋರಿಸು ಎಂಬ ನೋಟಿಸು. ಪ್ರಶ್ನೆ ಚಿಕ್ಕದಾಗಿರಲಿ: ಯಾವ ಭತ್ತ, ಯಾವ ದಿನ, ಯಾವ ಖಾತೆ.

ಬೈಗುಳದ ಪ್ಯಾರಾಗಳಿಗೆ ಆದೇಶ 6 ನಿಯಮ 16. ಅನಗತ್ಯ, ಮಾನಹಾನಿಕರ, ಕಿರುಕುಳದ ಮಾತನ್ನೂ, ವಿಚಾರಣೆಯನ್ನು ಎಳೆದಾಡಿಸುವ ಮಾತನ್ನೂ ತೆಗೆದುಹಾಕಿಸಬಹುದು. ಅಣ್ಣನ ಕುಡಿತ, ಅತ್ತಿಗೆಯ ತವರು, ಮಗಳ ಮದುವೆ ಮುರಿದದ್ದು, ಇಂಥವು ಗಿರಣಿಯ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಮಾತು. ಆದರೆ ಕುಡಿದು ಬಂದು ಗಿರಾಕಿಗಳ ಜೊತೆ ಜಗಳ ಮಾಡಿ ವ್ಯಾಪಾರ ಕೆಡಿಸಿದ ಎಂದಿದ್ದರೆ ಅದು 44ನೇ ಕಲಮಿನ ನಡತೆಯ ಮಾತಾಗುತ್ತದೆ, ತೆಗೆಸಲಾಗುವುದಿಲ್ಲ. ಮನಸ್ಸಿಗೆ ನೋವಾಯಿತು ಎಂಬುದೊಂದೇ ಇಲ್ಲಿ ಅಳತೆಯಲ್ಲ. ಆದರೂ ಹೆಣ್ಣುಮಕ್ಕಳ ಹೆಸರು ಎಳೆದ ಪ್ಯಾರಾ ಕಂಡರೆ ನಾನು ಈ ಅರ್ಜಿಯನ್ನು ಬಿಡುವುದಿಲ್ಲ. ಆ ಕಾಗದ ಕೋರ್ಟಿನ ಕಡತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಆರನೆಯದು: ಎತ್ತುವ ಮೊದಲು ಯೋಚಿಸಿ

ದೋಷ ತೋರಿಸಿದರೆ ವಾದಿ ತಿದ್ದಿಕೊಳ್ಳಬಹುದು. ಆದೇಶ 6 ನಿಯಮ 17ರಡಿ ವಿಚಾರಣೆ ಶುರುವಾಗುವ ಮೊದಲು ತಿದ್ದುಪಡಿಗೆ ಕೋರ್ಟುಗಳು ಧಾರಾಳ. ಶುರುವಾದ ಮೇಲೆ, ಶ್ರದ್ಧೆ ವಹಿಸಿದ್ದರೂ ಮೊದಲೇ ಎತ್ತಲಾಗಲಿಲ್ಲ ಎಂದು ವಾದಿ ತೋರಿಸಬೇಕು. ಹೀಗಾಗಿ ತಾರೀಖಿನ ಕೊರತೆಯೊಂದನ್ನೇ ಬೊಟ್ಟು ಮಾಡಿ ತೋರಿಸುವ ಅರ್ಜಿ ಕೆಲವೊಮ್ಮೆ ಎದುರಾಳಿಗೆ ಪಾಠ ಹೇಳಿಕೊಟ್ಟಂತಾಗುತ್ತದೆ. ಕಾಲಮಿತಿಯ ತಕರಾರನ್ನು ಕೈಫಿಯತ್ತಿನಲ್ಲಿ ಸ್ಪಷ್ಟವಾಗಿ ಹಾಕಿ, ವಾದಪತ್ರದ ಒಪ್ಪಿಗೆಯ ಮಾತಿನಿಂದಲೇ ಅದು ನಿಲ್ಲುವಂತಿದ್ದರೆ ಮಾತ್ರ ತಿರಸ್ಕಾರದ ಅರ್ಜಿಗೆ ಹೋಗಿ.

ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಅದನ್ನು ಕಕ್ಷಿಗಾರರಿಗೆ ನಾನು ಮೊದಲ ದಿನವೇ ಕೇಳುತ್ತೇನೆ: ವಾದಪತ್ರ ಬಿದ್ದರೆ ನಿಮಗೇನು ಸಿಗುತ್ತದೆ? ಜೀವಂತ ಫರ್ಮಿನ ವಿಸರ್ಜನೆಯ ದಾವೆಯಾದರೆ, ಬಿದ್ದ ಮರುದಿನವೂ ಪಾಲುದಾರಿಕೆ ಹಾಗೇ ಇರುತ್ತದೆ, ಮುನಿಸೂ ಇರುತ್ತದೆ, ಬ್ಯಾಂಕಿನ ಸಾಲದ ಬಡ್ಡಿಯೂ ಓಡುತ್ತಿರುತ್ತದೆ. ಆದೇಶ 7 ನಿಯಮ 13 ಪ್ರಕಾರ ಕಾಲಮಿತಿಯೊಳಗೆ ಹೊಸ ದಾವೆಯನ್ನೂ ಹಾಕಬಹುದು. ಲೆಕ್ಕ ತೆಗೆದರೆ ನಿಮಗೇ ಹಣ ಬರುವಂತಿದ್ದರೆ ದಾವೆ ಉಳಿಯುವುದೇ ಮೇಲು: ಈ ಬಗೆಯ ದಾವೆಯಲ್ಲಿ ಪ್ರತಿವಾದಿಗೂ ತನ್ನ ಪಾಲಿನ ಡಿಕ್ರಿ ಸಿಗುತ್ತದೆ, ಆ ಪಾಲಿನ ಮೇಲಿನ ಶುಲ್ಕ ಕಟ್ಟಿದರೆ ಸಾಕು. ಲೆಕ್ಕ ನಿಮಗೆ ಭಾರವಾಗುವಂತಿದ್ದು ಕಾಲಮಿತಿ ನಿಜವಾಗಿ ಮುಗಿದಿದ್ದರೆ ಆಗ ತಿರಸ್ಕಾರಕ್ಕೆ ಬೆಲೆ ಇದೆ.

ಏಳನೆಯದು: ಅರ್ಜಿ ಬರೆಯುವುದು

ಚಿಕ್ಕದಾಗಿರಲಿ. ವಾದಪತ್ರದ ಪ್ಯಾರಾ ಸಂಖ್ಯೆ ಹಾಕಿ, ಅದರ ಮಾತನ್ನೇ ಎತ್ತಿ ಬರೆಯಿರಿ, ನಿಮ್ಮ ಕಥೆ ಸೇರಿಸಬೇಡಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ಸಲ್ಲಿಸಬಹುದು. ಒಂದು ಮಾದರಿ:

"ವಾದಿಯು ವಾದಪತ್ರದ 4ನೇ ಪ್ಯಾರಾದಲ್ಲಿ ಪಾಲುದಾರರಲ್ಲೊಬ್ಬರು ದಿನಾಂಕ 10-06-2018ರಂದು ಮೃತರಾಗಿ, ಅಂದೇ ಫರ್ಮು ವಿಸರ್ಜನೆಯಾಗಿದೆ ಎಂದು ತಾನೇ ಹೇಳಿರುತ್ತಾನೆ. ವಾದಪತ್ರದೊಂದಿಗೆ ಹಾಜರುಪಡಿಸಿದ ಪಾಲುದಾರಿಕೆ ಪತ್ರದಲ್ಲಿ ಮರಣಾನಂತರ ಫರ್ಮು ಮುಂದುವರಿಯುವ ಷರತ್ತು ಇರುವುದಿಲ್ಲ. ದಾವೆಯು ವಿಸರ್ಜನೆಯಾದ ಫರ್ಮಿನ ಲೆಕ್ಕಕ್ಕಾಗಿ 2024ರಲ್ಲಿ ಸಲ್ಲಿಕೆಯಾಗಿರುತ್ತದೆ. ವಾದಪತ್ರದ ಹೇಳಿಕೆಗಳಿಂದಲೇ ದಾವೆಯು ಕಾಲಮಿತಿ ಕಾಯಿದೆಯ 5ನೇ ಅನುಚ್ಛೇದದಿಂದ ಬಾಧಿತವಾಗಿರುವುದರಿಂದ ಆದೇಶ 7 ನಿಯಮ 11ರ ಉಪಖಂಡ (ಡಿ) ಅನ್ವಯ ವಾದಪತ್ರವನ್ನು ತಿರಸ್ಕರಿಸಬೇಕೆಂದು ಪ್ರಾರ್ಥನೆ."

ಇಷ್ಟೇ. ಪ್ರಮಾಣಪತ್ರದಲ್ಲೂ ಇದಕ್ಕಿಂತ ಜಾಸ್ತಿ ಬೇಡ. ಪ್ಯಾರಾ ತೆಗೆದುಹಾಕುವ ಅರ್ಜಿ ಬೇರೆ, ವಾರಸುದಾರರ ಕೊರತೆಯ ತಕರಾರು ಬೇರೆ, ಪ್ರಶ್ನಾವಳಿಯ ಅರ್ಜಿ ಬೇರೆ ಬರಲಿ.

ಎಂಟನೆಯದು: ಅರ್ಜಿ ಹಾಕಿದೆ ಎಂದು ಕೈಫಿಯತ್ತು ನಿಲ್ಲಿಸಬೇಡಿ

ನಾನು ಕಿರಿಯನಾಗಿದ್ದಾಗ ಕೆಲಸ ಮಾಡಿದ ಒಂದು ಕಡೆ ಹೀಗಾಯಿತು. ತಿರಸ್ಕಾರದ ಅರ್ಜಿ ಹಾಕಿ, ಅದರ ಆದೇಶ ಬರಲಿ ಎಂದು ಕೈಫಿಯತ್ತು ಬರೆಯದೆ ಕೂತೆವು. ವಾಯಿದೆಯ ಮೇಲೆ ವಾಯಿದೆ ಹೋಗಿ, ಅರ್ಜಿ ವಜಾ ಆದ ದಿನ 90 ದಿನ ಯಾವಾಗಲೋ ದಾಟಿತ್ತು. ಆಲೆಮನೆಯ ಆ ವೃದ್ಧ ಪಾಲುದಾರ ತನ್ನ ಪುಸ್ತಕಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದವರು. ಅವರ ಉತ್ತರವನ್ನು ಒಳಗೆ ತರಲು ವರ್ಷವೇ ಹಿಡಿಯಿತು, ವೆಚ್ಚವನ್ನೂ ಅವರೇ ಕಟ್ಟಿದರು. ತಪ್ಪು ನಮ್ಮದಾಗಿತ್ತು. ಇವತ್ತಿಗೂ ನಾನು ಎರಡನ್ನೂ ಒಟ್ಟಿಗೇ ಸಿದ್ಧ ಮಾಡುತ್ತೇನೆ. ತಿರಸ್ಕಾರದ ಅರ್ಜಿಯನ್ನು ಮೊದಲು ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ, ಆದರೆ ಆ ನಂಬಿಕೆಯ ಮೇಲೆ ದಿನ ಕಳೆಯಬೇಡಿ. "ಅರ್ಜಿಯ ಹಕ್ಕಿಗೆ ಬಾಧೆ ಬಾರದಂತೆ ಈ ಹೇಳಿಕೆ ಸಲ್ಲಿಸಲಾಗಿದೆ" ಎಂದು ಮೊದಲ ಸಾಲಿನಲ್ಲೇ ಬರೆದು ಹಾಕಿ. ಮಧ್ಯಸ್ಥಿಕೆಯ 8ನೇ ಕಲಮಿನ ಅರ್ಜಿಗೆ ಮಾತ್ರ ಈ ಮಾತು ಬೇಡ. ಅದು ಮೊದಲು ಹೋಗಲಿ.

ಕೈಫಿಯತ್ತಿನಲ್ಲಿ ಪ್ರತಿ ಪ್ಯಾರಾಕ್ಕೂ ನೇರ ಉತ್ತರ ಬೇಕು. "ಎಲ್ಲವೂ ಸುಳ್ಳು" ಎಂಬ ಒಂದೇ ಮಾತು ನಿರಾಕರಣೆಯಲ್ಲ. ನಿರಾಕರಿಸದ ಸಂಗತಿ ಒಪ್ಪಿದಂತೆ ಎನ್ನುತ್ತದೆ ಆದೇಶ 8 ನಿಯಮ 5. ನಿಮ್ಮ ಪ್ರಕಾರ ಫರ್ಮು ಯಾವ ದಿನ ಮುಗಿಯಿತು, ಯಾರ ಪಾಲು ಎಷ್ಟು ಎಂಬುದನ್ನು ಹೇಳಿ, ಏಕೆಂದರೆ ಆದೇಶ 20 ನಿಯಮ 15ರಡಿ ಬರುವ ಪ್ರಾಥಮಿಕ ಡಿಕ್ರಿ ಘೋಷಿಸುವುದು ಅವೆರಡನ್ನೇ. ಗಿರಣಿಯ ಜಾಗ ಫರ್ಮಿನ ಆಸ್ತಿಯೋ ನಿಮ್ಮ ಸ್ವಂತದ್ದೋ ಎಂಬ ತಕರಾರಿದ್ದರೆ ವಾದಪತ್ರದ ಷೆಡ್ಯೂಲಿನ ಸರ್ವೆ ನಂಬರು, ಚಕ್ಕುಬಂದಿಯನ್ನು ಪಹಣಿಗೆ ಹಿಡಿದು ನೋಡಿ. ತಪ್ಪು ಚಕ್ಕುಬಂದಿಯ ಮೇಲೆ ಬಂದ ಡಿಕ್ರಿ ಜಾರಿಯಲ್ಲಿ ಎಲ್ಲರಿಗೂ ತೊಡಕು.

ಆದೇಶ ಬಂದ ದಿನ

ವಾದಪತ್ರ ತಿರಸ್ಕಾರವಾದರೆ ಅದು ಡಿಕ್ರಿಗೆ ಸಮ, ವಾದಿ ಮೇಲ್ಮನವಿಗೆ ಹೋಗಬಹುದು. ಅದಕ್ಕೆ ನೀವು ಸಿದ್ಧರಿರಬೇಕು. ನಿಮ್ಮ ಅರ್ಜಿ ವಜಾ ಆದರೆ ಮೇಲ್ಮನವಿ ಇಲ್ಲ, ಸಿಪಿಸಿಯ 115ನೇ ಕಲಮಿನ ಪುನರೀಕ್ಷಣೆಯ ದಾರಿ ಇದೆ. ಮಂಡ್ಯ, ಮೈಸೂರಿನವರಿಗೆ ಅಂದರೆ ಬೆಂಗಳೂರಿನ ಹೈಕೋರ್ಟ್ ಪೀಠ. ಅಲ್ಲಿಗೆ ಹೋಗುವುದು ನಿಮ್ಮ ತಕರಾರು ಬರಿಯ ಕಾನೂನಿನದಾಗಿದ್ದರೆ ಮಾತ್ರ ಸಾರ್ಥಕ; ಸಾಕ್ಷ್ಯ ಬೇಕಾದ ತಕರಾರಾದರೆ ಅದು ವಿವಾದಾಂಶವಾಗಿ ಬರೆಯಲ್ಪಟ್ಟಿದೆಯೇ ಎಂದು ನೋಡಿಕೊಂಡು ಇಲ್ಲೇ ಮುಂದುವರಿಯಿರಿ. ಎರಡರಲ್ಲಿ ಯಾವುದೇ ಆಗಲಿ, ಆದೇಶ ಓದಿದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ ರಸೀದಿ ಇಟ್ಟುಕೊಳ್ಳಿ. ನಕಲು ಕೊಡಲು ಹಿಡಿದ ದಿನಗಳನ್ನು ಕಾಲಮಿತಿ ಕಾಯಿದೆಯ 12ನೇ ಕಲಮು ಬಿಟ್ಟು ಎಣಿಸುತ್ತದೆ. ಅರ್ಜಿ ಹಾಕಲು ನೀವು ತಡಮಾಡಿದ ದಿನಗಳನ್ನು ಬಿಡುವುದಿಲ್ಲ.